ಎರವಲು ದೇವರುಗಳ ಕಥೆ

ನಮ್ಮ ಕೂಟದ ಹಲವು ಮನೆಗಳಲ್ಲಿ ಶನಿವಾರ ಸಂಜೆ ಊಟದ ಮೇಜು ದೊಡ್ಡವರ ಕೈಗೆ ಸಿಗುವುದಿಲ್ಲ. ಹೈಸ್ಕೂಲಿಗೋ ಕಾಲೇಜಿಗೋ ಹೋಗುವ ನಾಲ್ಕೈದು ಮಕ್ಕಳು ಅದರ ಸುತ್ತ ಕುಳಿತು, ಕಾಗದ, ಪೆನ್ಸಿಲು, ದಪ್ಪ ದಪ್ಪ ಪುಸ್ತಕ ಹರಡಿಕೊಂಡು, ಇಪ್ಪತ್ತು ಮುಖದ ದಾಳ ಉರುಳಿಸುತ್ತ ಗಂಟೆಗಟ್ಟಲೆ ಮಾತಾಡುತ್ತಿರುತ್ತಾರೆ. ಒಬ್ಬ ಕಥೆ ಹೇಳುವವನು. ಉಳಿದವರು ಆ ಕಥೆಯೊಳಗಿನ ಪಾತ್ರಗಳು. ಒಬ್ಬಳು ಕತ್ತಿ ಹಿಡಿದ ವೀರಳಾದರೆ ಇನ್ನೊಬ್ಬ ಮಂತ್ರವಾದಿ, ಮತ್ತೊಬ್ಬ ಯಾವುದೋ ದೇವರ ಪೂಜಾರಿ. ಇದಕ್ಕೆ ರೋಲ್‌ಪ್ಲೇಯಿಂಗ್ ಆಟ ಎನ್ನುತ್ತಾರೆ. ಇವುಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಬರೆದು, 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಟಿ.ಎಸ್.ಆರ್. ಕಂಪನಿಯಿಂದ ಹೊರತಂದರು.

ಈ ಲೇಖನ ಆಟ ಕಲಿಸುವುದಕ್ಕಲ್ಲ. ಮಕ್ಕಳೇ ನಮಗೆ ಕಲಿಸಬಲ್ಲರು. ಇಲ್ಲಿ ಹೇಳಹೊರಟಿರುವುದು ಆ ಆಟದ ದೇವರುಗಳ ವಿಚಾರ. ಯಾರೋ ಒಬ್ಬರು ಕಲ್ಪಿಸಿದ ದೇವರನ್ನು ಇನ್ನೊಬ್ಬರು ಎರವಲು ಪಡೆಯಬಹುದೇ? ಪಡೆದರೆ ಯಾರ ಅಪ್ಪಣೆ ಬೇಕು? ಈ ಪ್ರಶ್ನೆಗೆ ಸುಮಾರು ನೂರು ವರ್ಷದ ಚರಿತ್ರೆಯಿದೆ, ಅದರಲ್ಲಿ ನಮಗೂ ಒಂದು ಪಾಠವಿದೆ.

ಆಟಕ್ಕೆ ದೇವರೇಕೆ?

ಆಟದಲ್ಲಿ ಪೂಜಾರಿಯ ಶಕ್ತಿಯೆಲ್ಲ ಅವನು ನಂಬಿದ ದೇವರಿಂದ ಬರುತ್ತದೆ. ಗಾಯ ಮಾಯಿಸುವುದು, ದೆವ್ವ ಓಡಿಸುವುದು, ಕತ್ತಲೆಯಲ್ಲಿ ಬೆಳಕು ತರುವುದು ಎಲ್ಲಕ್ಕೂ ದೇವರ ಹೆಸರು ಬೇಕು. ಕಥೆಯಲ್ಲೊಂದು ಹಳ್ಳಿ ಬಂದರೆ ಅಲ್ಲೊಂದು ಗುಡಿ ಇರಲೇಬೇಕು, ಗುಡಿಯೊಳಗೆ ಇಂಥವನೇ ದೇವರು ಎಂದು ಹೇಳಲೇಬೇಕು. ಒಬ್ಬ ಪ್ರಕಾಶಕನ ಪುಸ್ತಕದಿಂದ ಪೂಜಾರಿಯನ್ನೂ ಇನ್ನೊಬ್ಬ ಪ್ರಕಾಶಕನ ಪುಸ್ತಕದಿಂದ ಹಳ್ಳಿಯನ್ನೂ ತೆಗೆದುಕೊಂಡು ಆಡುವ ಮಕ್ಕಳಿಗೆ ಎರಡರಲ್ಲೂ ಒಂದೇ ದೇವರಿದ್ದರೆ ಕಥೆ ಸಲೀಸು. ಇಲ್ಲದಿದ್ದರೆ ಬೇರೆ ಊರಿನ ಜಾತ್ರೆಗೆ ಬಂದ ನೆಂಟರಂತೆ ಪೂಜಾರಿ ಗುಡಿಯ ಹೊರಗೇ ನಿಲ್ಲಬೇಕಾಗುತ್ತದೆ. ಹಾಗಾಗಿ ದೇವರನ್ನು ಹಂಚಿಕೊಳ್ಳುವುದು ಆಟದವರಿಗೆ ದಿನನಿತ್ಯದ ವ್ಯವಹಾರದ ಮಾತು.

ಪ್ರಾವಿಡೆನ್ಸಿನ ಬಡ ಲೇಖಕ

ಕಥೆ ಶುರುವಾಗುವುದು ಆಟ ಹುಟ್ಟುವುದಕ್ಕೆ ಬಹಳ ಮೊದಲು, ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದಲ್ಲಿ. ಎಚ್.ಪಿ. ಲವ್‌ಕ್ರಾಫ್ಟ್ ಎಂಬ ಲೇಖಕ ಅಲ್ಲಿ 1890ರಲ್ಲಿ ಹುಟ್ಟಿದ. ಬದುಕಿದ್ದಾಗ ಹಣವನ್ನೂ ಕಾಣಲಿಲ್ಲ, ದೊಡ್ಡ ಹೆಸರನ್ನೂ ಕಾಣಲಿಲ್ಲ. ಈತನ ಜನಾಂಗೀಯ ಪೂರ್ವಗ್ರಹಗಳು ಕೆಟ್ಟವು, ಅವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ವಿಷಯದಲ್ಲಿ ಇವನ ಕೈ ಧಾರಾಳ: ತಾನು ಕಲ್ಪಿಸಿದ ದೇವರುಗಳನ್ನು ಯಾರಿಗೆ ಬೇಕಾದರೂ ಕೊಡುತ್ತಿದ್ದ.

1928ರ ಫೆಬ್ರವರಿಯಲ್ಲಿ ವಿಯರ್ಡ್ ಟೇಲ್ಸ್ ಎಂಬ ಅಗ್ಗದ ಮಾಸಪತ್ರಿಕೆಯಲ್ಲಿ ಇವನ ಕಥೆಯೊಂದು ಅಚ್ಚಾಯಿತು. ಸಮುದ್ರದ ತಳದಲ್ಲಿ ಮಲಗಿರುವ ಕಥುಲೂ ಎಂಬ ಭೀಕರ ದೈವ ಅದರಲ್ಲಿ ಬರುತ್ತದೆ. ಇದೇ ಪತ್ರಿಕೆಗೆ ಬರೆಯುತ್ತಿದ್ದ ಗೆಳೆಯರು ಒಬ್ಬರ ದೇವರನ್ನು ಇನ್ನೊಬ್ಬರು ಬಳಸತೊಡಗಿದರು. ಕ್ಯಾಲಿಫೋರ್ನಿಯಾದ ಕ್ಲಾರ್ಕ್ ಆಷ್ಟನ್ ಸ್ಮಿತ್ ತ್ಸಥಾಗ್ವ ಎಂಬ ಸೋಮಾರಿ ದೇವರನ್ನು ಕಲ್ಪಿಸಿ ಒಂದು ಕಥೆ ಬರೆದು ಗೆಳೆಯನಿಗೆ ಓದಲು ಕಳಿಸಿದ. ಲವ್‌ಕ್ರಾಫ್ಟನಿಗೆ ಆ ದೇವರು ಎಷ್ಟು ಹಿಡಿಸಿತೆಂದರೆ ತನ್ನ ಕಥೆಯಲ್ಲೂ ಸೇರಿಸಿಬಿಟ್ಟ. ಸ್ವಾರಸ್ಯವೇನೆಂದರೆ, ಎರವಲು ಪಡೆದವನ ಕಥೆ 1931ರ ಆಗಸ್ಟಿನಲ್ಲಿ ಅಚ್ಚಾಯಿತು. ಹುಟ್ಟಿಸಿದವನ ಕಥೆ ಅಚ್ಚಾದದ್ದು ಅದೇ ವರ್ಷ ನವೆಂಬರಿನಲ್ಲಿ! ದೇವರು ತವರುಮನೆಗಿಂತ ಮೊದಲು ನೆಂಟರ ಮನೆಯಲ್ಲಿ ಕಾಣಿಸಿಕೊಂಡಿತು. ಸ್ಮಿತ್ ಮುನಿಸಿಕೊಳ್ಳಲಿಲ್ಲ. ಲವ್‌ಕ್ರಾಫ್ಟನೂ ಆ ಕಥೆಯೊಳಗೆ ಕ್ಲಾರ್ಕಾಷ್-ಟನ್ ಎಂಬ ಪುರಾತನ ಅರ್ಚಕನನ್ನು ತಂದು, ಗೆಳೆಯನ ಋಣವನ್ನು ತಮಾಷೆಯಲ್ಲಿ ತೀರಿಸಿದ್ದ.

ಲವ್‌ಕ್ರಾಫ್ಟ್ ಹೊಟ್ಟೆಪಾಡಿಗೆ ಇತರರ ಕಥೆಗಳನ್ನು ತಿದ್ದಿಕೊಡುತ್ತಿದ್ದ. ಹಾಗೆ ತಿದ್ದುವಾಗಲೂ ಅವುಗಳಲ್ಲಿ ತನ್ನ ದೇವರುಗಳನ್ನು ಸೇರಿಸುತ್ತಿದ್ದ. ಬೇರೆ ಬೇರೆ ಹೆಸರಿನ ಲೇಖಕರ ಕಥೆಗಳಲ್ಲಿ ಅದೇ ದೇವರುಗಳು ಬರುವುದನ್ನು ಕಂಡ ಓದುಗರಲ್ಲಿ ಕೆಲವರು, ಇದೇನೋ ನಿಜವಾದ ಹಳೆಯ ಮತವೇ ಇರಬೇಕು ಎಂದುಕೊಂಡರು. ಒಬ್ಬನೇ ಹೇಳಿದರೆ ಅದು ಕಥೆ. ನಾಲ್ಕು ಜನ ಹೇಳಿದರೆ ಪುರಾಣ.

ಈ ಗುಂಪಿನಲ್ಲಿ ನಡೆದ ಅನುಮತಿ ಪತ್ರದ ಪ್ರಸಂಗವೊಂದನ್ನು ಹೇಳಲೇಬೇಕು. ರಾಬರ್ಟ್ ಬ್ಲಾಕ್ ಎಂಬ ಹದಿನೆಂಟರ ಹುಡುಗ ತನ್ನ ಕಥೆಯಲ್ಲಿ ಲವ್‌ಕ್ರಾಫ್ಟನನ್ನೇ ಹೋಲುವ ಪಾತ್ರವೊಂದನ್ನು ಕೊಲ್ಲಬೇಕೆಂದಿದ್ದ, ಅಪ್ಪಣೆ ಕೇಳಿದ. ಗುರು ಲಿಖಿತವಾಗಿಯೇ ಅಪ್ಪಣೆ ಕೊಟ್ಟ. ಆ ಪತ್ರಕ್ಕೆ ಸಾಕ್ಷಿ ಹಾಕಿದವರು ಯಾರು? ಇವರ ಕಥೆಗಳೊಳಗಿನ ಕಾಲ್ಪನಿಕ ಪಾತ್ರಗಳು! ಬ್ಲಾಕನ ಕಥೆ 1935ರಲ್ಲಿ ಬಂತು. ಮರುವರ್ಷ ಲವ್‌ಕ್ರಾಫ್ಟ್ ತನ್ನ ಕಥೆಯಲ್ಲಿ ಬ್ಲಾಕನನ್ನು ಹೋಲುವ ಹುಡುಗನನ್ನು ಕೊಂದು ಲೆಕ್ಕ ಚುಕ್ತಾ ಮಾಡಿದ. ಹೀಗೆ ಈ ಗೆಳೆಯರ ನಡುವಿನ ಕೊಡುಕೊಳ್ಳುವಿಕೆಯೆಲ್ಲ ವಿಶ್ವಾಸದ ಮೇಲೆ ನಡೆಯಿತು. ಕಾಗದ ಬರೆದರೂ ಅದು ತಮಾಷೆಗೆ.

ಬೇಲಿ ಬಂತು

1937ರ ಮಾರ್ಚಿನಲ್ಲಿ ಲವ್‌ಕ್ರಾಫ್ಟ್ 46ನೇ ವಯಸ್ಸಿಗೇ ತೀರಿಕೊಂಡ. ಗೆಳೆಯರಾದ ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರಿ 1939ರಲ್ಲಿ ಆರ್ಕಮ್ ಹೌಸ್ ಎಂಬ ಪ್ರಕಾಶನ ಕಟ್ಟಿ ಅವನ ಕಥೆಗಳನ್ನು ಗಟ್ಟಿ ರಟ್ಟಿನ ಪುಸ್ತಕ ಮಾಡಿದರು. ಡರ್ಲೆತ್ ಇಲ್ಲದಿದ್ದರೆ ಲವ್‌ಕ್ರಾಫ್ಟನ ಹೆಸರು ಆ ಅಗ್ಗದ ಪತ್ರಿಕೆಗಳ ಜೊತೆಗೇ ರದ್ದಿಗೆ ಹೋಗುತ್ತಿತ್ತೇನೋ. ಆ ಉಪಕಾರ ದೊಡ್ಡದು. ಆದರೆ ಅದೇ ಡರ್ಲೆತ್ ಈ ಕಥೆಗಳ ಹಕ್ಕು ತಮ್ಮದೆಂದು ಸಾಧಿಸುತ್ತ ಬಂದ. ಗೆಳೆಯರ ಬಯಲಿನಲ್ಲಿ ಎಲ್ಲರೂ ಆಡುತ್ತಿದ್ದ ದೇವರುಗಳ ಸುತ್ತ ಬೇಲಿ ಎದ್ದಿತು. ಕೊಟ್ಟವನು ಬಾಯಿಮಾತಿನಲ್ಲಿ ಕೊಟ್ಟಿದ್ದ. ಅವನು ಹೋದ ಮೇಲೆ ತೋರಿಸಲು ಯಾರ ಕೈಯಲ್ಲೂ ಕಾಗದವಿರಲಿಲ್ಲ.

ಊರಿನಲ್ಲಿ ಜಮೀನಿನ ವ್ಯಾಜ್ಯ ಕಂಡವರಿಗೆ ಇದು ಹೊಸದಲ್ಲ. ಅಜ್ಜ ನೆರೆಯವನಿಗೆ ಪ್ರೀತಿಯಿಂದ ಬಿಟ್ಟುಕೊಟ್ಟ ಕಾಲುದಾರಿ ಮೊಮ್ಮಕ್ಕಳ ಕಾಲಕ್ಕೆ ಕೋರ್ಟಿನ ಮೆಟ್ಟಿಲು ಹತ್ತುತ್ತದೆ.

ಹದಿನಾರು ಪುಟ ಕಳೆದುಕೊಂಡ ಪುಸ್ತಕ

ಈಗ ಆಟದ ಕಾಲಕ್ಕೆ ಬರೋಣ. 1980ರಲ್ಲಿ ಟಿ.ಎಸ್.ಆರ್. ಕಂಪನಿ ಡೀಟೀಸ್ ಅಂಡ್ ಡೆಮಿಗಾಡ್ಸ್ ಎಂಬ ಪುಸ್ತಕ ತಂದಿತು. ಬರೆದವರು ಜೇಮ್ಸ್ ವಾರ್ಡ್ ಮತ್ತು ರಾಬರ್ಟ್ ಕುಂಟ್ಸ್. ಜಗತ್ತಿನ ನಾನಾ ಪುರಾಣಗಳ ದೇವತೆಗಳಿಗೆಲ್ಲ ಆಟದ ಅಂಕಿಗಳನ್ನು ಕೊಟ್ಟಿದ್ದರು: ಎಷ್ಟು ಏಟು ತಡೆಯಬಲ್ಲರು, ಯಾವ ಆಯುಧ, ಎಷ್ಟು ಬಲ. ಗ್ರೀಕರು, ಈಜಿಪ್ಟಿನವರು, ನಾರ್ಸ್ ಜನರ ದೇವತೆಗಳ ಜೊತೆಗೆ ನಮ್ಮ ಇಂದ್ರ, ಅಗ್ನಿ, ವಿಷ್ಣು, ಕಾಳಿಯರಿಗೂ ಅಂಕಿ ಬಿದ್ದಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಋಗ್ವೇದಕ್ಕೆ ಕಾಪಿರೈಟ್ ಇಲ್ಲ.

ತೊಂದರೆ ಬಂದದ್ದು ಹೊಸ ದೇವರುಗಳಿಂದ. ಮೊದಲ ಮುದ್ರಣದಲ್ಲಿ ಲವ್‌ಕ್ರಾಫ್ಟ್ ಬಳಗದ ದೇವರುಗಳ ಅಧ್ಯಾಯವಿತ್ತು. ಇಂಗ್ಲೆಂಡಿನ ಮೈಕೆಲ್ ಮೂರ್ಕಾಕ್ ಎಲ್ರಿಕ್ ಎಂಬ ನಾಯಕನ ಕಥೆಗಳಿಗಾಗಿ ಕಲ್ಪಿಸಿದ ದೇವರುಗಳ ಅಧ್ಯಾಯವೂ ಇತ್ತು. ಇವೆರಡನ್ನೂ ಆಟಕ್ಕೆ ಬಳಸುವ ಹಕ್ಕು ಆಗ ಕ್ಯಾಲಿಫೋರ್ನಿಯಾದಲ್ಲಿದ್ದ ಕೇಯೋಸಿಯಮ್ ಎಂಬ ಪ್ರತಿಸ್ಪರ್ಧಿ ಕಂಪನಿಯ ಬಳಿ ಇತ್ತು. ಜಗಳ ದೊಡ್ಡದಾಗಲಿಲ್ಲ. ಕೇಯೋಸಿಯಮ್‌ಗೆ ಪುಸ್ತಕದಲ್ಲಿ ಕೃತಜ್ಞತೆಯ ಒಂದು ವಾಕ್ಯ ಹಾಕುವುದೆಂದು ಒಪ್ಪಂದವಾಯಿತು. ಆದರೆ ತಮ್ಮ ಪುಸ್ತಕದಲ್ಲಿ ಎದುರಾಳಿಯ ಹೆಸರು ಏಕೆ ಎಂದು ಟಿ.ಎಸ್.ಆರ್.ಗೆ ಅನ್ನಿಸಿರಬೇಕು. ಮುಂದಿನ ಮುದ್ರಣದಲ್ಲಿ ಎರಡೂ ಅಧ್ಯಾಯಗಳನ್ನೇ ಕಿತ್ತು ಹಾಕಿತು. 144 ಪುಟದ ಪುಸ್ತಕ 128 ಪುಟಕ್ಕೆ ಇಳಿಯಿತು. ಆ ಹದಿನಾರು ಪುಟಗಳಿರುವ ಹಳೆಯ ಪ್ರತಿಗಳನ್ನು ಸಂಗ್ರಹಕಾರರು ಈಗಲೂ ಹುಡುಕುತ್ತಾರೆ. ಒಂದು ವಾಕ್ಯದ ಕೃತಜ್ಞತೆ ಉಳಿಸಲು ಎರಡು ಪುರಾಣಗಳನ್ನೇ ಬಿಟ್ಟುಕೊಟ್ಟಂತಾಯಿತು. ಕೇಯೋಸಿಯಮ್ ಮಾತ್ರ 1981ರಲ್ಲಿ ಎರಡೂ ಲೋಕಗಳ ಮೇಲೆ ಒಂದೊಂದು ಆಟ ತಂದಿತು. ಅವುಗಳಲ್ಲಿ ಒಂದಾದ ಕಾಲ್ ಆಫ್ ಕಥುಲೂ ಇಂದಿಗೂ ನಡೆಯುತ್ತಿದೆ.

ಅದೇ 1981ರಲ್ಲಿ ಎಡ್ ಗ್ರೀನ್‌ವುಡ್ ಎಂಬ ಕೆನಡಾದವರು ತಮ್ಮ ಕಲ್ಪನಾಲೋಕದ ದೇವಗಣವನ್ನು ಡ್ರ್ಯಾಗನ್ ಪತ್ರಿಕೆಯಲ್ಲಿ ಪರಿಚಯಿಸಿದರು. ಆ ಲೋಕವೇ ಮುಂದೆ ಫರ್ಗಾಟನ್ ರೆಲ್ಮ್ಸ್ ಎಂದು ಪ್ರಸಿದ್ಧವಾಯಿತು. ಅದರ ದೇವರುಗಳಲ್ಲಿ ಟೈರ್ ನಾರ್ಸ್ ಜನರವನು, ಮೀಲಿಕ್ಕಿ ಫಿನ್ಲೆಂಡಿನವಳು, ಓಗ್ಮ ಕೆಲ್ಟರವನು. ಹೀಗೆ ಕೆಲವರು ಎರವಲು, ಕೆಲವರು ಹೊಸಬರು. ಎರವಲಿನ ಮೇಲೆ ಕಟ್ಟಿದ ಆ ಲೋಕ ಕಂಪನಿಯ ಕೈಸೇರಿದ ಮೇಲೆ ಅದಕ್ಕೂ ಬೇಲಿ ಬಂತು.

ನಿಯಮ ಕೊಟ್ಟರು, ಹೆಸರು ಕೊಡಲಿಲ್ಲ

1997ರಲ್ಲಿ ಸಾಲದಲ್ಲಿ ಮುಳುಗಿದ್ದ ಟಿ.ಎಸ್.ಆರ್. ಕಂಪನಿಯನ್ನು ಸಿಯಾಟಲ್ ಸಮೀಪದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡಿತು. 1999ರಲ್ಲಿ ಅದನ್ನೂ ಹ್ಯಾಸ್ಬ್ರೋ ಎಂಬ ಆಟಿಕೆ ಕಂಪನಿ ಕೊಂಡಿತು. 2000ರಲ್ಲಿ ಆಟದ ಮೂರನೇ ಆವೃತ್ತಿ ಬಂದಾಗ ವಿಝರ್ಡ್ಸ್‌ನ ರಯನ್ ಡ್ಯಾನ್ಸಿ ಎಂಬವರ ನೇತೃತ್ವದಲ್ಲಿ ಒಂದು ಹೊಸ ಪ್ರಯೋಗ ನಡೆಯಿತು. ನಮ್ಮಲ್ಲಿ ಸಾಫ್ಟ್‌ವೇರ್ ಕೆಲಸದವರು ಬಹಳ ಜನ. ಮುಕ್ತ ತಂತ್ರಾಂಶದ ಪರವಾನಗಿ ಅವರಿಗೆ ಗೊತ್ತು. ಅದೇ ಮಾದರಿಯಲ್ಲಿ ಓಪನ್ ಗೇಮ್ ಲೈಸೆನ್ಸ್ ಎಂಬ ಪರವಾನಗಿ ಬರೆದರು. ಆಟದ ನಿಯಮಗಳ ಸಾರಸಂಗ್ರಹವೊಂದನ್ನು ಅದರಡಿ ಬಿಡುಗಡೆ ಮಾಡಿದರು. ಯಾರು ಬೇಕಾದರೂ ಅದನ್ನು ಬಳಸಿ ಪುಸ್ತಕ ಬರೆಯಬಹುದು, ಮಾರಬಹುದು, ಗೌರವಧನ ಕೊಡಬೇಕಾಗಿಲ್ಲ.

ಈ ಪರವಾನಗಿಯ 15ನೇ ಕಲಮು ಸೊಗಸಾದದ್ದು. ನೀವು ಯಾರ ಪುಸ್ತಕದಿಂದ ಏನು ತೆಗೆದುಕೊಂಡರೂ, ಅವರ ಹೆಸರು, ಅವರು ಯಾರಿಂದ ತೆಗೆದುಕೊಂಡಿದ್ದರೋ ಅವರ ಹೆಸರು, ಹೀಗೆ ಇಡೀ ಪರಂಪರೆಯನ್ನು ನಿಮ್ಮ ಪುಸ್ತಕದಲ್ಲಿ ಅಚ್ಚು ಹಾಕಬೇಕು. ಕೆಲವು ಪುಸ್ತಕಗಳ ಕೊನೆಯ ಪುಟ ನಮ್ಮ ವಂಶಾವಳಿಯಂತೆ ಉದ್ದವಾಗಿರುತ್ತದೆ.

ಆದರೆ 7ನೇ ಕಲಮು ಬೇರೆ ಮಾತು ಹೇಳುತ್ತದೆ. ಪ್ರಕಾಶಕ ತನ್ನ ಪಾತ್ರಗಳು, ಹೆಸರುಗಳು, ಸ್ಥಳಗಳು ಮುಂತಾದವನ್ನು ತನ್ನ ಸ್ವಂತದ್ದೆಂದು ಕಾಯ್ದಿರಿಸಿಕೊಳ್ಳಬಹುದು; ಪರವಾನಗಿ ಒಪ್ಪಿದವರು ಅವನ್ನು ಮುಟ್ಟುವಂತಿಲ್ಲ. ಬರೀ ಒಂದು ಹೆಸರಿಗೆ ಕಾಪಿರೈಟ್ ಸಿಗುವುದು ಕಷ್ಟವಾದರೂ, ಒಪ್ಪಂದಕ್ಕೆ ಸಹಿ ಹಾಕಿದಂತಾದ ಮೇಲೆ ಕೈ ಕಟ್ಟಿದ ಹಾಗೆಯೇ. ವಿಝರ್ಡ್ಸ್ ಬಿಡುಗಡೆ ಮಾಡಿದ ಸಾರಸಂಗ್ರಹದಲ್ಲಿ ಪೂಜಾರಿ ಇದ್ದ, ಅವನ ಮಂತ್ರಗಳಿದ್ದವು, ದೇವರಿಗೆ ಎಷ್ಟು ಶಕ್ತಿ ಎಂದು ಲೆಕ್ಕ ಹಾಕುವ ನಿಯಮವೂ ಮುಂದೆ ಸೇರಿತು. ಆದರೆ ಪೆಲೋರ್ ಎಂಬ ಸೂರ್ಯದೇವ, ವೆಕ್ನ ಎಂಬ ಗುಟ್ಟುಗಳ ದೇವ, ಯಾರ ಹೆಸರೂ ಇರಲಿಲ್ಲ. ಮಂತ್ರಗಳ ಹೆಸರಿಗೆ ಅಂಟಿದ್ದ ಮಂತ್ರವಾದಿಗಳ ಹೆಸರನ್ನೂ ಕತ್ತರಿಸಿದ್ದರು. ದೇವಸ್ಥಾನ ಕಟ್ಟುವ ನಕ್ಷೆ ಕೊಟ್ಟು ಮೂರ್ತಿಯನ್ನು ಒಳಗಿಟ್ಟುಕೊಂಡಂತೆ.

ಪರಿಣಾಮ ಏನಾಯಿತು? ಪ್ರತಿಯೊಬ್ಬ ಪ್ರಕಾಶಕನೂ ತನ್ನದೇ ದೇವರುಗಳನ್ನು ಮಾಡಿಕೊಂಡ. ಗ್ರೀನ್ ರೋನಿನ್ ಎಂಬ ಕಂಪನಿ 2002ರಲ್ಲಿ ಒಂದು ಇಡೀ ದೇವಗಣಕ್ಕೆಂದೇ ದಪ್ಪ ಪುಸ್ತಕ ತಂದಿತು. ಸ್ಕಾರ್ಡ್ ಲ್ಯಾಂಡ್ಸ್ ಎಂಬ ಲೋಕದವರು ಅದಕ್ಕೂ ಮೊದಲೇ ತಮ್ಮದನ್ನು ತಂದಿದ್ದರು. ಅವುಗಳಲ್ಲಿ ಒಳ್ಳೆಯ ಕೆಲಸವೂ ಇತ್ತು, ಆದರೆ ಒಂದರ ದೇವರು ಇನ್ನೊಂದರ ಊರಿಗೆ ಹೋಗುವ ದಾರಿ ಇರಲಿಲ್ಲ. ಮುಂದೆ ಇದೇ ಪರವಾನಗಿಯ ಬಲದಿಂದ 2009ರಲ್ಲಿ ಪಾತ್‌ಫೈಂಡರ್ ಎಂಬ ಆಟ ಕಟ್ಟಿದ ಪೈಝೋ ಕಂಪನಿಯೂ ಅದನ್ನೇ ಮಾಡಿತು. ತಾನು ಮುಕ್ತ ನಿಯಮಗಳಿಂದ ಬದುಕಿದರೂ, ಕಾಯ್ದಿರಿಸಿದ ವಸ್ತುಗಳ ಪಟ್ಟಿಯಲ್ಲಿ ದೇವತೆಗಳ ಹೆಸರು ಎಂದು ಬಿಡಿಸಿಯೇ ಬರೆಯಿತು.

ಎಲ್ಲರೂ ಹೀಗೆಯೇ ಎನ್ನುವಂತಿಲ್ಲ. ನೆಕ್ರೋಮ್ಯಾನ್ಸರ್ ಗೇಮ್ಸ್ ಎಂಬ ಸಣ್ಣ ಪ್ರಕಾಶನ 2002ರಲ್ಲಿ ವಿಝರ್ಡ್ಸ್‌ನ ಅನುಮತಿ ಪಡೆದು, ಹಳೆಯ ಪುಸ್ತಕಗಳಲ್ಲಿ ಮರೆತುಹೋಗಿದ್ದ ಪ್ರಾಣಿಗಳು, ರಾಕ್ಷಸರನ್ನೆಲ್ಲ ಟೋಮ್ ಆಫ್ ಹಾರರ್ಸ್ ಎಂಬ ಪುಸ್ತಕದಲ್ಲಿ ಸೇರಿಸಿ ಮುಕ್ತ ಪರವಾನಗಿಗೆ ತಂದಿತು. ಅಲ್ಲಿಂದ ಅವು ಎಷ್ಟೋ ಪುಸ್ತಕಗಳಿಗೆ ನಡೆದುಹೋದವು. ಪೈಝೋ ಕಂಪನಿಯ ಪುಸ್ತಕಗಳ ಕೊನೆಯ ಪುಟದಲ್ಲೂ ಅದರ ಹೆಸರು ಕಾಣುತ್ತದೆ. ಬಿಟ್ಟುಕೊಟ್ಟದ್ದು ಬದುಕಿಕೊಂಡಿತು.

2023ರ ಜನವರಿ

2023ರ ಜನವರಿ ಮೊದಲ ವಾರದಲ್ಲಿ ಹೊಸ ಪರವಾನಗಿಯ ಕರಡೊಂದು ಹೊರಬಿತ್ತು. ವರ್ಷಕ್ಕೆ 750,000 ಡಾಲರಿಗಿಂತ ಹೆಚ್ಚು ಸಂಪಾದಿಸುವವರು ಮೇಲಿನ ಮೊತ್ತದ 25 ಪ್ರತಿಶತದವರೆಗೆ ಕೊಡಬೇಕು. ಹಳೆಯ ಪರವಾನಗಿ ಇನ್ನು ಅಧಿಕೃತವಲ್ಲ ಎಂದು ಅದರಲ್ಲಿತ್ತು. ಇಪ್ಪತ್ತು ವರ್ಷಗಳಿಂದ ಅದನ್ನು ನಂಬಿ ಮನೆ ನಡೆಸುತ್ತಿದ್ದ ಪ್ರಕಾಶಕರ ಎದೆ ಧಸಕ್ಕೆಂದಿತು. ಹಳೆಯ ಪರವಾನಗಿಯಲ್ಲಿ ಶಾಶ್ವತ ಎಂಬ ಮಾತಿತ್ತು, ಹಿಂತೆಗೆಯಲಾಗದ್ದು ಎಂಬ ಮಾತಿರಲಿಲ್ಲ. 9ನೇ ಕಲಮಿನಲ್ಲಿ ಅಧಿಕೃತ ಆವೃತ್ತಿ ಎಂಬ ಒಂದು ಪದವಿತ್ತು. ಆ ಒಂದು ಪದದ ಸಂದಿಯಲ್ಲಿ ವಕೀಲರು ಬಾಗಿಲು ಕಂಡರು.

ಆಟಗಾರರ ಪ್ರತಿಭಟನೆ ಜೋರಾಯಿತು. ಕಂಪನಿಯ ಅಂತರ್ಜಾಲ ಸೇವೆಯ ಚಂದಾಗಳನ್ನು ಜನ ರದ್ದು ಮಾಡಿದರು. ಜನವರಿ 27ರಂದು ವಿಝರ್ಡ್ಸ್ ಹಿಂದೆ ಸರಿಯಿತು. ಹಳೆಯ ಪರವಾನಗಿಯನ್ನು ಮುಟ್ಟುವುದಿಲ್ಲ ಎಂದಿತಲ್ಲದೆ, ಐದನೇ ಆವೃತ್ತಿಯ ಸಾರಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿತು. ಇದನ್ನು ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವಂತಿಲ್ಲ. ಮೂಲದವರ ಹೆಸರು ಹೇಳಿದರೆ ಸಾಕು. ಅತ್ತ ಪೈಝೋ ಮತ್ತಿತರರು ಸೇರಿ ಅದೇ ವರ್ಷ ಜೂನಿನಲ್ಲಿ ಆರ್ಕ್ ಎಂಬ, ಯಾವ ಆಟದ ಕಂಪನಿಗೂ ಸೇರದ ಪರವಾನಗಿಯನ್ನು ಅಂತಿಮಗೊಳಿಸಿದರು.

ಇಷ್ಟೆಲ್ಲ ಆದ ಮೇಲೆ ದೇವರುಗಳಿಗೆ ಬಿಡುಗಡೆಯಾಯಿತೇ? ನೋಡಿ ತಮಾಷೆ. ಕ್ರಿಯೇಟಿವ್ ಕಾಮನ್ಸ್‌ಗೆ ಬಂದ ಆ ಸಾರಸಂಗ್ರಹದ ಅನುಬಂಧದಲ್ಲಿ ದೇವರುಗಳ ಪಟ್ಟಿಯೇನೋ ಇದೆ: ಕೆಲ್ಟರು, ಗ್ರೀಕರು, ಈಜಿಪ್ಟಿನವರು, ನಾರ್ಸ್ ಜನರ ದೇವತೆಗಳು. ಅಂದರೆ ಯಾರ ಸ್ವತ್ತೂ ಅಲ್ಲದವರನ್ನೇ ದಾನ ಮಾಡಿದ್ದು! ಕಂಪನಿ ತಾನೇ ಕಲ್ಪಿಸಿದ ದೇವರುಗಳು ಗರ್ಭಗುಡಿಯಲ್ಲೇ ಉಳಿದವು. ಆರ್ಕ್ ಪರವಾನಗಿಯಲ್ಲೂ ಆಟದ ಯಂತ್ರಭಾಗ ಮುಕ್ತ. ಪಾತ್ರ, ಲೋಕ, ಅಂಕಿತನಾಮಗಳು, ಕರ್ತೃ ತಾನಾಗಿ ಬಿಟ್ಟುಕೊಡದ ಹೊರತು, ಕಾಯ್ದಿರಿಸಿದ್ದು. 2016ರಿಂದ ವಿಝರ್ಡ್ಸ್ ಒಂದು ನಡುದಾರಿ ಇಟ್ಟಿದೆ: ಅದರ ಒಪ್ಪಿಗೆಯ ಒಂದು ಅಂತರ್ಜಾಲ ಅಂಗಡಿಯಲ್ಲಿ ಮಾತ್ರ ಮಾರುವುದಾದರೆ ಫರ್ಗಾಟನ್ ರೆಲ್ಮ್ಸ್ ದೇವರುಗಳನ್ನು ಬಳಸಬಹುದು. ಬೆಲೆಯ ಅರ್ಧ ಮಾತ್ರ ಬರೆದವನಿಗೆ. ಪೂಜೆಗೆ ಅಡ್ಡಿಯಿಲ್ಲ, ಆದರೆ ಕಾಂಪೌಂಡಿನೊಳಗೇ, ಹುಂಡಿಯಲ್ಲಿ ಪಾಲು ಕೊಟ್ಟು.

ಇಲ್ಲಿ ಕಂಪನಿಗಳನ್ನು ಬರೀ ದೂರಿದರೆ ನ್ಯಾಯವಾಗದು. ವರ್ಷಗಟ್ಟಲೆ ಕೂತು ಒಂದು ಲೋಕ ಕಟ್ಟಿದ ಬರಹಗಾರರಿಗೆ, ಚಿತ್ರಕಾರರಿಗೆ ಸಂಬಳ ಕೊಡಬೇಕು. ಅದನ್ನು ಇನ್ನೊಬ್ಬ ಒಂದು ದಿನದಲ್ಲಿ ಎತ್ತಿಕೊಂಡು ಹೋಗಿ ಕೆಡಿಸಿದರೆ ನೋವಾಗುತ್ತದೆ. ಹೆಸರೇ ಬಂಡವಾಳವಾದ ವ್ಯಾಪಾರದಲ್ಲಿ ಹೆಸರನ್ನು ಕಾಯ್ದುಕೊಳ್ಳುವುದು ಸಹಜ.

ಕೊಡುವುದಾದರೆ ಹೇಗೆ?

ಆದರೂ ಚರಿತ್ರೆ ಹೇಳುವುದನ್ನು ಕೇಳಬೇಕು. ಹಸ್ತೂರ್ ಎಂಬ ದೇವರ ಪ್ರಯಾಣವನ್ನೇ ನೋಡಿ. 1890ರ ದಶಕದಲ್ಲಿ ಆಂಬ್ರೋಸ್ ಬಿಯರ್ಸ್ ಬರೆದ ಕಥೆಯಲ್ಲಿ ಅವನು ಕುರುಬರ ಸೌಮ್ಯ ದೇವರು. 1895ರಲ್ಲಿ ರಾಬರ್ಟ್ ಚೇಂಬರ್ಸ್ ಆ ಹೆಸರನ್ನು ಎತ್ತಿಕೊಂಡ. ಅವನಿಂದ ಲವ್‌ಕ್ರಾಫ್ಟ್, ಅವನಿಂದ ಡರ್ಲೆತ್. ಡರ್ಲೆತ್‌ನ ಕೈಯಲ್ಲಿ ಹಸ್ತೂರ್ ಕಥುಲೂವಿನ ದಾಯಾದಿಯಾದ. 1980ರ ಆ 144 ಪುಟಗಳ ಪುಸ್ತಕದಲ್ಲಿ ಬಂದ, ಮುದ್ರಣ ಬದಲಾದಾಗ ಹೊರಬಿದ್ದ, 2013ರಲ್ಲಿ ಪಾತ್‌ಫೈಂಡರ್ ಪುಸ್ತಕದಲ್ಲಿ ಮತ್ತೆ ಪ್ರತ್ಯಕ್ಷನಾದ. ಇಷ್ಟು ಕೈ ದಾಟಿದ್ದರಿಂದಲೇ ಅವನು ಉಳಿದ. ಕಥುಲೂ ಮೊದಲು ಕಾಣಿಸಿಕೊಂಡ 1928ರ ಕಥೆಯೂ, ಅಮೆರಿಕದ ಕಾನೂನಿನ 95 ವರ್ಷದ ಲೆಕ್ಕದಂತೆ, 2024ರ ಜನವರಿ 1ರ ಹೊತ್ತಿಗೆ ನಿಸ್ಸಂಶಯವಾಗಿ ಸಾರ್ವಜನಿಕ ಸ್ವತ್ತಾಗಿದೆ. ನಮ್ಮ ರಾಮ, ಕೃಷ್ಣ, ಭೀಮರನ್ನು ಪಂಪನಿಂದ ಯಕ್ಷಗಾನದ ಪ್ರಸಂಗಕರ್ತರವರೆಗೆ ಎಲ್ಲರೂ ತಮ್ಮವರೆಂದೇ ಬರೆದರು. ಯಾರೂ ಯಾರ ಸಹಿಯನ್ನೂ ಕೇಳಲಿಲ್ಲ. ಒಂದು ಭೇದ ಮಾತ್ರ ಮರೆಯಬಾರದು. ಭಕ್ತರಿರುವ ದೇವರನ್ನು ಆಟಕ್ಕೆ ತರುವಾಗ ಕಾನೂನು ಸುಮ್ಮನಿದ್ದರೂ ಮರ್ಯಾದೆ ಎಂಬುದೊಂದಿದೆ. ಅದನ್ನು ಯಾವ ಪರವಾನಗಿಯೂ ಬರೆದುಕೊಡುವುದಿಲ್ಲ.

ಲವ್‌ಕ್ರಾಫ್ಟ್ ಮನಸಾರೆ ಕೊಟ್ಟ, ಕಾಗದ ಮಾಡಲಿಲ್ಲ. ಅವನ ಬೆನ್ನಿಗೇ ಬೇಲಿ ಬಂತು. 2000ದಲ್ಲಿ ವಿಝರ್ಡ್ಸ್ ಕಾಗದ ಮಾಡಿತು, ಆದರೆ ಹೆಸರು ಕೊಡಲಿಲ್ಲ. ಆ ಕಾಗದದಲ್ಲೂ ಒಂದು ಸಂದಿ ಉಳಿಯಿತು. ಧಾರಾಳವೂ ಬೇಕು, ದಾಖಲೆಯೂ ಬೇಕು. ಇವೆರಡೂ ಕೂಡಿದ ದಾರಿ ಇಂದು ತೆರೆದಿದೆ. ಒಬ್ಬ ಸಣ್ಣ ಪ್ರಕಾಶಕ ತನ್ನ ದೇವರ ಹೆಸರು, ಕಥೆ, ಹಬ್ಬ, ಚಿಹ್ನೆಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರೆ, ನಾಳೆ ಇನ್ನೊಬ್ಬನ ಹಳ್ಳಿಯ ಗುಡಿಯಲ್ಲಿ ಆ ದೇವರು ಕೂರಬಹುದು. ಮೂಲದವನ ಹೆಸರು ಜೊತೆಗೇ ಹೋಗುತ್ತದೆ. ಕಂಪನಿ ಮುಚ್ಚಿದರೂ ದೇವರು ಮುಚ್ಚಿಹೋಗುವುದಿಲ್ಲ.

ನಮ್ಮ ಕೂಟದವರಿಗೆ ಇದರಲ್ಲಿ ಒಂದು ಸಣ್ಣ ಕೆಲಸವಿದೆ. ನಾವು ಯುಗಾದಿಗೆ, ರಾಜ್ಯೋತ್ಸವಕ್ಕೆ ನಾಟಕ ಬರೆಯುತ್ತೇವೆ, ಹಾಡು ಕಟ್ಟುತ್ತೇವೆ, ಮಕ್ಕಳಿಗಾಗಿ ಪಾಠ, ಆಟ ಮಾಡುತ್ತೇವೆ. ಬೇರೆ ಊರಿನ ಕೂಟದವರು ಕೇಳಿದರೆ ಧಾರಾಳವಾಗಿ ಕೊಡಿ ತೆಗೆದುಕೊಳ್ಳಿ ಎನ್ನುತ್ತೇವೆ, ಅಷ್ಟಕ್ಕೇ ಬಿಡುತ್ತೇವೆ. ಹತ್ತು ವರ್ಷದ ಮೇಲೆ ಬರೆದವರು ಯಾರು, ಆಡಬಹುದೋ ಇಲ್ಲವೋ ಯಾರಿಗೂ ತಿಳಿದಿರುವುದಿಲ್ಲ. ಹಸ್ತಪ್ರತಿಯ ಕೊನೆಯಲ್ಲಿ ಮೂರೇ ಸಾಲು ಬರೆದಿಡೋಣ: ಬರೆದವರು ಇಂಥವರು, ಬರೆದ ವರ್ಷ ಇಷ್ಟು, ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು.